ಹರಳಿನ ಸುತ್ತ ಬಡವಾದ ನೀರು

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ, ತಿಯೊಡೋರ್ ಸ್ವೆಡ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ, 1934ರ ಸುಮಾರಿಗೆ ಜಾನ್ ಫಿಲ್ಪಾಟ್ ಎಂಬ ಇಂಗ್ಲಿಷ್ ತರುಣರೊಬ್ಬರು ಪೆಪ್ಸಿನ್ ಶುದ್ಧಮಾಡುವ ಕೆಲಸದಲ್ಲಿದ್ದರು. ನಮ್ಮ ಹೊಟ್ಟೆಯ ಜೀರ್ಣರಸದಲ್ಲಿರುವ ಕಿಣ್ವ ಅದು. ನಡುವೆ ರಜೆ ಸಿಕ್ಕಿತು, ಹಿಮದ ಮೇಲೆ ಜಾರಾಡಲು ಹೊರಟುಹೋದರು. ದ್ರಾವಣ ಫ್ರಿಜ್ಜಿನಲ್ಲಿ ಉಳಿಯಿತು. ಮರಳಿ ಬಂದು ನೋಡಿದರೆ ಅದರೊಳಗೆ ಎರಡು ಮಿಲಿಮೀಟರ್‌ವರೆಗೂ ಬೆಳೆದ ಹರಳುಗಳು. ಪ್ರೋಟೀನಿನ ಮಟ್ಟಿಗೆ ಇದು ದೈತ್ಯ ಗಾತ್ರ. ಪ್ರಯೋಗಾಲಯಕ್ಕೆ ಭೇಟಿ ಕೊಟ್ಟ ಗ್ಲೆನ್ ಮಿಲಿಕನ್ ಅವನ್ನು ಕಂಡು, ಒಂದು ನಳಿಕೆಯನ್ನು ಕೋಟಿನ ಜೇಬಿಗಿಳಿಸಿಕೊಂಡು ಕೇಂಬ್ರಿಜ್‌ಗೆ ಒಯ್ದರು, ಸ್ಫಟಿಕ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರ ಕೈಗಿತ್ತರು.

ಮುಂದಿನ ಕತೆ ವಿಜ್ಞಾನದ ಚರಿತ್ರೆ ಓದಿದವರಿಗೆ ಗೊತ್ತಿರುವುದೇ. ಹರಳನ್ನು ಅದರ ತಾಯಿದ್ರಾವಣದಿಂದ ಹೊರಗೆ ತೆಗೆದರೆ ಅದು ಕೆಡುತ್ತದೆ ಎಂಬುದನ್ನು ಬರ್ನಾಲ್ ಗಮನಿಸಿದರು. ದ್ರಾವಣದ ಸಮೇತವೇ ಅದನ್ನು ಸಣ್ಣ ಗಾಜಿನ ನಳಿಕೆಯಲ್ಲಿಟ್ಟು ಕ್ಷ-ಕಿರಣ ಹಾಯಿಸಿದಾಗ ಚಿತ್ರಪಟ್ಟಿಯ ಮೇಲೆ ಸ್ಪಷ್ಟವಾದ ಚುಕ್ಕೆಗಳು ಮೂಡಿದವು. 1934ರ ಮೇ ತಿಂಗಳಲ್ಲಿ ಬರ್ನಾಲ್ ಮತ್ತು ಡೊರೊಥಿ ಕ್ರೋಫುಟ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಆ ಪುಟ್ಟ ಟಿಪ್ಪಣಿ ಪ್ರೋಟೀನ್ ಸ್ಫಟಿಕ ವಿಜ್ಞಾನಕ್ಕೆ ಬಾಗಿಲು ತೆರೆಯಿತು. ಮದುವೆಯಾದ ಮೇಲೆ ಡೊರೊಥಿ ಹಾಡ್ಜ್‌ಕಿನ್ ಎಂದು ಹೆಸರಾದ ಆಕೆ ಮುಂದೆ ಇನ್ಸುಲಿನ್ನಿನ ಹಿಂದೆ ಬಿದ್ದು, 1969ರಲ್ಲಿ ಅದರ ರಚನೆಯನ್ನು ಬಿಡಿಸಿದರು. ಆಕ್ಸ್‌ಫರ್ಡ್‌ನ ಆಕೆಯ ತಂಡದಲ್ಲಿದ್ದ ಎಂ. ವಿಜಯನ್ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಇಲ್ಲಿ ಪ್ರೋಟೀನ್ ಸ್ಫಟಿಕ ವಿಜ್ಞಾನದ ಒಂದು ಪರಂಪರೆಯನ್ನೇ ಕಟ್ಟಿದರು. ಹರಳಿನೊಳಗಿನ ನೀರು ಸ್ವಲ್ಪ ಕಡಿಮೆಯಾದರೆ ಪ್ರೋಟೀನ್ ಅಣುವಿಗೆ ಏನಾಗುತ್ತದೆ ಎಂಬುದು ಅವರ ತಂಡ ಲೈಸೋಜೈಮ್ ಎಂಬ ಪ್ರೋಟೀನಿನ ಹರಳುಗಳಲ್ಲಿ ಹುಡುಕಿದ ಪ್ರಶ್ನೆಗಳಲ್ಲೊಂದು.

ನನ್ನ ಆಸಕ್ತಿ ಇರುವುದು ಈ ಪ್ರಸಿದ್ಧ ಕತೆಯ ಪಕ್ಕದ ಓಣಿಯಲ್ಲಿ. ಫಿಲ್ಪಾಟ್ ಜಾರಾಟದಲ್ಲಿದ್ದಷ್ಟು ದಿನ ಆ ಫ್ರಿಜ್ಜಿನೊಳಗೆ ನಡೆದದ್ದೇನು? ದ್ರಾವಣದಲ್ಲಿ ಕರಗಿದ್ದ ಪೆಪ್ಸಿನ್ ಎಷ್ಟು ವೇಗವಾಗಿ ಹರಳಿಗೆ ಸೇರಿಕೊಂಡಿತು, ಹರಳಿನ ಸುತ್ತಲಿನ ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಉಳಿದಿತ್ತು? ಹರಳು ಏಕೆ ದೊಡ್ಡದಾಯಿತು ಎಂಬುದಕ್ಕೆ ಉತ್ತರ ಇರುವುದು ಆ ಸುತ್ತಲಿನ ನೀರಿನಲ್ಲಿ. ಅದನ್ನು ಅಳೆಯಲು ಮತ್ತೆ ಅರ್ಧ ಶತಮಾನ ಬೇಕಾಯಿತು.

ಪ್ರೋಟೀನ್ ಹರಳುಗಟ್ಟುತ್ತದೆ ಎಂಬುದು ಆಗಲೇ ಹಳೆಯ ಸಂಗತಿ. 1840ರಲ್ಲಿ ಜರ್ಮನಿಯ ಹ್ಯೂನೆಫೆಲ್ಡ್ ಎರೆಹುಳುವಿನ ರಕ್ತವನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿಟ್ಟು ನಿಧಾನವಾಗಿ ಒಣಗಲು ಬಿಟ್ಟಿದ್ದರು, ತಟ್ಟೆಯಾಕಾರದ ಹರಳುಗಳು ಕಂಡಿದ್ದವು. 1909ರಲ್ಲಿ ರೈಕರ್ಟ್ ಮತ್ತು ಬ್ರೌನ್ ನೂರಕ್ಕೂ ಹೆಚ್ಚು ಪ್ರಾಣಿಗಳ ಹಿಮೋಗ್ಲೋಬಿನ್ ಹರಳುಗಳ ಬೃಹತ್ ಗ್ರಂಥವನ್ನೇ ಹೊರತಂದಿದ್ದರು. ಆಗ ಹರಳೆಂದರೆ ಒಂದು ಪುರಾವೆ, ವಸ್ತು ಶುದ್ಧವಾಗಿದೆ ಎನ್ನುವುದಕ್ಕೆ ಸಾಕ್ಷಿ. 1926ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್ ಅವರೆಕುಲದ ಒಂದು ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ, ಕಿಣ್ವವೆಂದರೆ ಪ್ರೋಟೀನೇ ಎಂದು ಸಾರಿದಾಗ ಅವರ ಕೈಯಲ್ಲಿದ್ದದ್ದೂ ಅದೇ ಸಾಕ್ಷಿ. (ಕೈ ಎಂದದ್ದು ಒಂದನ್ನೇ: ಹದಿಹರೆಯದಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ ಎಡಚರು ಅವರು.) ನೊಬೆಲ್ ಪಡೆದಿದ್ದ ಜರ್ಮನಿಯ ವಿಲ್‌ಸ್ಟೆಟರ್ ಒಪ್ಪಲಿಲ್ಲ. ಪ್ರೋಟೀನ್ ಬರೀ ಹೊರೆಗಾರ, ಕೆಲಸ ಮಾಡುವ ವಸ್ತು ಬೇರೆಯೇ ಇದೆ ಎಂಬುದು ಅವರ ವಾದ. 1930ರಲ್ಲಿ ಅಮೆರಿಕದ ನಾರ್ಥ್‌ರಪ್ ಪೆಪ್ಸಿನ್ನನ್ನೂ ಹರಳುಗಟ್ಟಿಸಿದ ಮೇಲೆ ವಾದ ಸೋತಿತು. 1946ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಸಮ್ನರ್‌ಗೂ ನಾರ್ಥ್‌ರಪ್‌ಗೂ ಪಾಲು ಬಂತು.

ಹರಳು ಬೆಳೆಯುವ ಬಗೆ ಮಾತ್ರ ಯಾರಿಗೂ ಮುಖ್ಯವಾಗಿರಲಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಉಪ್ಪು ಹೆಚ್ಚಿಸಿ ನೋಡು, ಆಮ್ಲೀಯತೆ ಬದಲಿಸಿ ನೋಡು, ತಣ್ಣಗಿಡು, ಕಾಯಿ. ಈ ಕೆಲಸವನ್ನು ಅದರಲ್ಲಿ ಪಳಗಿದವರೇ ವಿಜ್ಞಾನಕ್ಕಿಂತ ಕಲೆ ಎಂದು ಕರೆದುಕೊಳ್ಳುತ್ತಿದ್ದರು. ಆ ಮಾತಿನಲ್ಲಿ ನನಗೆ ಹೆಮ್ಮೆಗಿಂತ ಅಸಹಾಯಕತೆಯೇ ಹೆಚ್ಚು ಕೇಳಿಸುತ್ತದೆ.

ವಿಚಿತ್ರವೆಂದರೆ, ದ್ರಾವಣದೊಳಗಿನ ಪ್ರೋಟೀನನ್ನು ಬೆಳಕಿನಿಂದ ಅಳೆಯುವ ವಿದ್ಯೆ ಬೆಳೆದದ್ದೂ ಅದೇ ಉಪ್ಸಾಲಾದಲ್ಲಿ. ಸ್ವೆಡ್‌ಬರ್ಗ್ 1920ರ ದಶಕದಲ್ಲಿ ಕಟ್ಟಿದ ಅತಿವೇಗದ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಹಿಮೋಗ್ಲೋಬಿನ್ ದ್ರಾವಣ ತಿರುಗುತ್ತಿರುವಾಗಲೇ ಅದರ ಮೂಲಕ ಬೆಳಕು ಹಾಯಿಸಿ ಛಾಯಾಚಿತ್ರ ತೆಗೆಯುತ್ತಿದ್ದರು. ಎಲ್ಲಿ ಪ್ರೋಟೀನ್ ಹೆಚ್ಚಿದೆಯೋ ಅಲ್ಲಿ ಬೆಳಕು ಹೆಚ್ಚು ಹೀರಿಹೋಗುತ್ತದೆ. ಈ ಲೆಕ್ಕದ ಬೇರು 1729ರ ಬೂಗೇರ್, 1760ರ ಲ್ಯಾಂಬರ್ಟ್, 1852ರ ಬೇರ್ ಅವರವರೆಗೆ ಹೋಗುತ್ತದೆ. ಸ್ವೆಡ್‌ಬರ್ಗ್ ಅವರ ಶಿಷ್ಯ ಆರ್ನೆ ಟಿಸೇಲಿಯಸ್ 1937ರಲ್ಲಿ ವಿದ್ಯುತ್ ಹಾಯಿಸಿ ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿದಾಗ ಬಳಸಿದ್ದು ಷ್ಲೀರನ್ ಎಂಬ ಇನ್ನೊಂದು ಬಗೆ. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗುತ್ತಿರುವಂತೆ ಕಾಣುತ್ತದಲ್ಲ, ಅದೇ ತತ್ತ್ವ: ಒಂದೆಡೆಯಿಂದ ಇನ್ನೊಂದೆಡೆಗೆ ವಸ್ತುವಿನ ದಟ್ಟಣೆ ಬದಲಾದರೆ ಅದನ್ನು ಹಾಯುವ ಬೆಳಕು ತುಸು ಬಾಗುತ್ತದೆ. ಆ ಬಾಗುವಿಕೆಯನ್ನು ನೆರಳು-ಬೆಳಕಾಗಿ ಕಾಣಿಸುವ ಉಪಾಯವನ್ನು 1860ರ ದಶಕದಲ್ಲಿ ಜರ್ಮನಿಯ ಟೋಪ್ಲರ್ ಕಂಡುಕೊಂಡಿದ್ದರು.

1938ರಲ್ಲಿ ಈ ಷ್ಲೀರನ್ ವಿಧಾನಕ್ಕೆ ಉರುಳೆಯಾಕಾರದ ಮಸೂರವೊಂದನ್ನು ಸೇರಿಸಿ, ದ್ರಾವಣದ ಸಾರತೆ ಎಲ್ಲೆಲ್ಲಿ ಎಷ್ಟೆಷ್ಟು ಬದಲಾಗುತ್ತದೆ ಎಂಬುದರ ರೇಖೆಯನ್ನು ನೇರವಾಗಿ ಛಾಯಾಚಿತ್ರದಲ್ಲೇ ಮೂಡಿಸಿದವರು ಯಾರು? ಜಾರಾಟಕ್ಕೆ ಹೋಗಿದ್ದ ಅದೇ ಫಿಲ್ಪಾಟ್. ಸ್ವೀಡನ್ನಿನ ಸ್ವೆನ್ಸನ್ ಅವರ ಹೆಸರೂ ಸೇರಿ ಫಿಲ್ಪಾಟ್-ಸ್ವೆನ್ಸನ್ ವ್ಯವಸ್ಥೆ ಎಂದೇ ಅದು ದಶಕಗಳ ಕಾಲ ಪ್ರಯೋಗಾಲಯಗಳಲ್ಲಿ ನಡೆಯಿತು. ಚರಿತ್ರೆಯ ಅತ್ಯಂತ ಪ್ರಸಿದ್ಧ ಪ್ರೋಟೀನ್ ಹರಳನ್ನು ಬೆಳೆಸಿದ ವ್ಯಕ್ತಿಯೇ ಪ್ರೋಟೀನ್ ದ್ರಾವಣದ ಏರಿಳಿತವನ್ನು ಕಣ್ಣಿಗೆ ಕಾಣಿಸುವ ಸಾಧನವನ್ನೂ ರೂಪಿಸಿದರು. ಆದರೆ ಸಾಧನ ಹೋದದ್ದು ಸೆಂಟ್ರಿಫ್ಯೂಜ್‌ಗೆ, ಹರಳು ಹೋದದ್ದು ಕ್ಷ-ಕಿರಣದ ಕೋಣೆಗೆ. ಎರಡು ದಾರಿ ಸೇರಲಿಲ್ಲ.

ಸೇರದಿರಲು ಕಾರಣವೂ ಇತ್ತು. 1940ರ ದಶಕದ ಆರಂಭದಲ್ಲಿ ಬರ್ಲಿನ್ನಿನ ವಾರ್ಬುರ್ಗ್ ಮತ್ತು ಕ್ರಿಶ್ಚಿಯನ್ 280 ನ್ಯಾನೋಮೀಟರ್ ತರಂಗದೂರದ ನೇರಳಾತೀತ ಬೆಳಕನ್ನು ಪ್ರೋಟೀನ್ ಎಷ್ಟು ಹೀರುತ್ತದೆ ಎಂಬುದರಿಂದ ಅದರ ಪ್ರಮಾಣ ಹೇಳುವ ಕ್ರಮವನ್ನು ಕೊಟ್ಟರು. ಟ್ರಿಪ್ಟೊಫ್ಯಾನ್, ಟೈರೋಸಿನ್ ಎಂಬ ಅಮೈನೋ ಆಮ್ಲಗಳು ಆ ಬೆಳಕನ್ನು ಹೀರುತ್ತವೆ. 1941ರಲ್ಲೇ ಬೆಕ್‌ಮನ್ ಕಂಪನಿಯ ಡಿಯು ಸ್ಪೆಕ್ಟ್ರೋಫೋಟೋಮೀಟರ್ ಮಾರುಕಟ್ಟೆಗೆ ಬಂದು ಈ ಅಳತೆ ಎಲ್ಲರ ಕೈಗೆಟುಕಿತು. ಇಂದಿಗೂ ಪ್ರೋಟೀನ್ ಪ್ರಯೋಗಾಲಯಗಳಲ್ಲಿ ಬೆಳಗಿನ ಮೊದಲ ಕೆಲಸ ಸಾಮಾನ್ಯವಾಗಿ ಇದೇ. ಆದರೆ ಹರಳು ಬೆಳೆಯುವ ದ್ರಾವಣದ ಮುಂದೆ ಈ ಉಪಾಯ ಕುರುಡು. ಕೋಳಿಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೋಜೈಮನ್ನೇ ತೆಗೆದುಕೊಳ್ಳಿ. ಉಪ್ಪು ಬೆರೆಸಿದರೆ ಸುಲಭವಾಗಿ ಹರಳುಗಟ್ಟುವ ಪ್ರೋಟೀನ್, ಈ ಕ್ಷೇತ್ರದ ಗಿನಿಪಿಗ್. ಒಂದು ಮಿಲಿಲೀಟರ್ ನೀರಿನಲ್ಲಿ ಬರೀ ಒಂದು ಮಿಲಿಗ್ರಾಂ ಲೈಸೋಜೈಮ್ ಕರಗಿದ್ದರೂ, ಒಂದು ಸೆಂಟಿಮೀಟರ್ ದಪ್ಪದ ಆ ದ್ರಾವಣವನ್ನು ದಾಟಿ ಹೊರಬರುವ 280 ನ್ಯಾನೋಮೀಟರ್ ಬೆಳಕು ಸುಮಾರು ನಾನೂರರಲ್ಲಿ ಒಂದು ಪಾಲು ಮಾತ್ರ. ಹರಳು ಬೆಳೆಯಲು ಬೇಕಾಗುವುದು ಅದರ ಹತ್ತಾರು ಪಟ್ಟು ಸಾರವಾದ ದ್ರಾವಣ. ಅಲ್ಲಿ ಆ ಬೆಳಕಿಗೆ ಅದು ಗೋಡೆ. ಒಂದು ಹನಿ ತೆಗೆದು ನೀರು ಬೆರೆಸಿ ಅಳೆಯಬಹುದು, ನಿಜ. ಆದರೆ ಸಿಗುವುದು ಇಡೀ ಪಾತ್ರೆಯ ಸರಾಸರಿ; ಹರಳಿಗೆ ಕೂದಲೆಳೆಯಷ್ಟು ಹತ್ತಿರದಲ್ಲಿ ಏನಾಗುತ್ತಿದೆ ಎಂಬುದು ಅದರಲ್ಲಿ ಕಳೆದುಹೋಗುತ್ತದೆ.

ದಾರಿ ಇದ್ದದ್ದು ಕಣ್ಣಿಗೆ ಕಾಣುವ ಬೆಳಕಿನಲ್ಲಿ. ಲೈಸೋಜೈಮಿನಂಥ ಪ್ರೋಟೀನ್ ಅದನ್ನು ಹೀರುವುದಿಲ್ಲ, ಆದರೆ ತುಸು ತಡೆದು ನಿಧಾನಿಸುತ್ತದೆ. ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಪ್ರೋಟೀನ್ ಹೆಚ್ಚಾದರೆ ದ್ರಾವಣದ ವಕ್ರೀಭವನ ಸೂಚ್ಯಂಕ ಸುಮಾರು 0.00019ರಷ್ಟು ಏರುತ್ತದೆ. ಏನೂ ಅಲ್ಲದಂತೆ ಕಾಣುವ ಸಂಖ್ಯೆ. ಆದರೆ ಒಂದೇ ಬೆಳಕನ್ನು ಎರಡಾಗಿ ಸೀಳಿ, ಒಂದು ಕವಲನ್ನು ದ್ರಾವಣದ ಮೂಲಕವೂ ಇನ್ನೊಂದನ್ನು ಹೊರಗಿನಿಂದಲೂ ಕಳಿಸಿ ಮತ್ತೆ ಕೂಡಿಸಿದರೆ ಕಪ್ಪು-ಬಿಳುಪು ಪಟ್ಟೆಗಳು ಮೂಡುತ್ತವೆ. ಕೆಂಪು ಲೇಸರ್ ಬೆಳಕಾದರೆ, ಒಂದು ಸೆಂಟಿಮೀಟರ್ ದಪ್ಪದ ಪಾತ್ರೆಯಲ್ಲಿ ಆ ಒಂದು ಮಿಲಿಗ್ರಾಂ ವ್ಯತ್ಯಾಸಕ್ಕೆ ಮೂರು ಪಟ್ಟೆ ಸರಿಯುತ್ತವೆ. 1890ರ ದಶಕದ ಆರಂಭದಲ್ಲಿ ಲುಡ್ವಿಗ್ ಜೆಂಡರ್ ಮತ್ತು ಲುಡ್ವಿಗ್ ಮಾಖ್ ರೂಪಿಸಿದ ಇಂಟರ್‌ಫೆರೋಮೀಟರ್ ಇದೇ. ಈ ಹಳೆಯ ಸಾಧನವನ್ನು ಪ್ರೋಟೀನ್ ಹರಳಿನ ಮುಂದೆ ತಂದು ನಿಲ್ಲಿಸಿದ್ದು ರಾಕೆಟ್ಟುಗಳು.

1981ರಲ್ಲಿ ಜರ್ಮನಿಯ ಫ್ರೈಬುರ್ಗ್‌ನ ವಾಲ್ಟರ್ ಲಿಟ್ಕೆ, ಟೆಕ್ಸಸ್ ಎಂಬ ಸಣ್ಣ ರಾಕೆಟ್ಟಿನಲ್ಲಿ ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ಪ್ರೋಟೀನನ್ನು ಮೇಲಕ್ಕೆ ಕಳಿಸಿದರು. ತೂಕವಿಲ್ಲದ ಸ್ಥಿತಿ ಸಿಕ್ಕಿದ್ದು ಆರೇ ನಿಮಿಷ. ಅಷ್ಟರಲ್ಲೇ ಕ್ಯಾಮೆರಾ ತೋರಿಸಿದ್ದು: ಭೂಮಿಯ ಮೇಲೆ ಸುಳಿಸುಳಿಯಾಗಿ ಕಲಕಿಹೋಗುವ ದ್ರಾವಣಗಳು ಅಲ್ಲಿ ಸದ್ದಿಲ್ಲದೆ ಒಂದರೊಳಗೊಂದು ಹರಡಿಕೊಂಡವು. 1983ರ ನವೆಂಬರ್ 28ರಂದು ಕೊಲಂಬಿಯಾ ನೌಕೆ ಸ್ಪೇಸ್‌ಲ್ಯಾಬ್-1 ಹೊತ್ತು ಹಾರಿದಾಗ ಅದೇ ಪ್ರೋಟೀನಿನ ಜೊತೆ ಲೈಸೋಜೈಮ್ ಕೂಡ ಹೋಯಿತು. ಮರುವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವರದಿ ಬೆರಗು ಹುಟ್ಟಿಸುವಂತಿತ್ತು. ಲೈಸೋಜೈಮ್ ಹರಳುಗಳ ಗಾತ್ರ ನೆಲದ ಹರಳುಗಳ ಸಾವಿರ ಪಟ್ಟು, ಬೀಟಾ-ಗ್ಯಾಲಕ್ಟೊಸಿಡೇಸ್‌ನದು 27 ಪಟ್ಟು.

ಈ ಸಾವಿರ ಪಟ್ಟು ಎಂಬ ಸಂಖ್ಯೆಯೇ ಮುಂದಿನ ಹದಿನೈದು ವರ್ಷದ ಉತ್ಸಾಹಕ್ಕೂ ಜಗಳಕ್ಕೂ ಮೂಲ. ಹೋಲಿಕೆ ನಡೆದದ್ದು ಅದೇ ಉಪಕರಣದಲ್ಲಿ ನೆಲದ ಮೇಲೆ ಬೆಳೆದ ಹರಳಿನೊಂದಿಗೆ. ಒಳ್ಳೆಯ ಪ್ರಯೋಗಾಲಯದಲ್ಲಿ ಬೆಳೆಯುವ ಅತ್ಯುತ್ತಮ ಹರಳಿನೊಂದಿಗಲ್ಲ. ಈ ಆಕ್ಷೇಪ ಆಗಲೇ ಕೇಳಿಬಂತು, ಆದರೆ ಮೂಲೆಗೆ ಸರಿಯಿತು. ಬಾಹ್ಯಾಕಾಶ ನೌಕೆಗೆ ಕೆಲಸ ಬೇಕಿತ್ತು, ಔಷಧ ಕಂಪನಿಗಳಿಗೆ ಪ್ರೋಟೀನಿನ ರಚನೆ ಬೇಕಿತ್ತು. ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಆವರಣದ ಚಾರ್ಲ್ಸ್ ಬಗ್ ಮತ್ತು ಲಾರೆನ್ಸ್ ಡಿಲೂಕಸ್ ಪ್ರಯೋಗಗಳನ್ನು ಸಾಲುಸಾಲಾಗಿ ಕಳಿಸತೊಡಗಿದರು. 1986ರ ಜನವರಿಯ ಚಾಲೆಂಜರ್ ದುರಂತ ಎಲ್ಲವನ್ನೂ ನಿಲ್ಲಿಸಿತು. 1988ರಲ್ಲಿ ಹಾರಾಟ ಮತ್ತೆ ಶುರುವಾದಾಗ ಪ್ರೋಟೀನೂ ಮತ್ತೆ ಹಾರಿತು. 1992ರಲ್ಲಿ ಡಿಲೂಕಸ್ ತಾವೇ ಕೊಲಂಬಿಯಾ ಏರಿ, ಸುಮಾರು ಎರಡು ವಾರ ಅಂತರಿಕ್ಷದಲ್ಲಿ ಹರಳು ಬೆಳೆಸಿದರು.

ಬಂದ ಫಲ ಮಾತ್ರ ಹುಬ್ಬು ಗಂಟಿಕ್ಕುವಂಥದ್ದು. ಕೆಲವು ಪ್ರೋಟೀನುಗಳ ಹರಳು ನೆಲದ ಯಾವ ಹರಳಿಗಿಂತಲೂ ಚೆನ್ನಾಗಿರುತ್ತಿತ್ತು, ಕೆಲವು ಅಷ್ಟಕ್ಕಷ್ಟೇ, ಹಲವು ಕೆಟ್ಟದಾಗಿದ್ದವು. ಪೆಟ್ಟಿಗೆಯೊಳಗೆ ದ್ರಾವಣ ಹೋಗುತ್ತದೆ, ಪೆಟ್ಟಿಗೆಯಿಂದ ಹರಳು ಬರುತ್ತದೆ. ನಡುವೆ ಏನಾಯಿತೆಂದು ಕಂಡವರಿಲ್ಲ. ಉಪ್ಸಾಲಾದ ಫ್ರಿಜ್ಜಿನ ಬದಲಿಗೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ದುಬಾರಿ ಫ್ರಿಜ್ಜು ಬಂದಿತ್ತು, ಅಷ್ಟೆ.

ತಿರುವು ಬಂದದ್ದು ನೆಲದ ಮೇಲೆ. ಅಲಬಾಮಾದಲ್ಲೇ, ಹಂಟ್ಸ್‌ವಿಲ್‌ನ ನಾಸಾ ಕೇಂದ್ರದಲ್ಲಿದ್ದ ಮಾರ್ಕ್ ಪ್ಯೂಸೀ ಮತ್ತು ಸಂಗಡಿಗರು 1988ರಲ್ಲಿ ಬೆಳೆಯುತ್ತಿರುವ ಲೈಸೋಜೈಮ್ ಹರಳಿನ ಮೇಲೆ ಷ್ಲೀರನ್ ಬೆಳಕು ತಿರುಗಿಸಿದರು. ಹರಳಿನ ನೆತ್ತಿಯಿಂದ ಊದುಬತ್ತಿಯ ಹೊಗೆಯ ಎಳೆಯಂಥದ್ದೊಂದು ಮೇಲೇಳುತ್ತಿತ್ತು. ಹರಳು ತನ್ನ ಪಕ್ಕದ ದ್ರಾವಣದಿಂದ ಪ್ರೋಟೀನ್ ಎಳೆದುಕೊಳ್ಳುತ್ತದೆ. ಉಳಿದ ದ್ರಾವಣ ಬಡವಾಗಿ ಹಗುರಾಗುತ್ತದೆ. ಹಗುರಾದದ್ದು ಮೇಲೇರುತ್ತದೆ, ಅದರ ಜಾಗಕ್ಕೆ ಸಾರವಾದ ಹೊಸ ದ್ರಾವಣ ನುಗ್ಗುತ್ತದೆ. ಮಿಲಿಮೀಟರಿಗೂ ಕಡಿಮೆ ಗಾತ್ರದ ಹರಳು, ಕಣ್ಣಿಗೆ ನಿಶ್ಚಲವಾಗಿ ಕಾಣುವ ಹನಿ, ಒಳಗೆ ಎಡೆಬಿಡದ ಹರಿವು. ಗುರುತ್ವ ಇಲ್ಲದಿದ್ದರೆ ಈ ಹರಿವು ನಿಲ್ಲಬೇಕು, ಹರಳಿನ ಸುತ್ತ ಕೊರತೆಯ ವಲಯವೊಂದು ನೆಲೆನಿಲ್ಲಬೇಕು, ಪ್ರೋಟೀನ್ ಅಣುಗಳು ಬರೀ ವಿಸರಣೆಯಿಂದ ತೆವಳಿ ಬರಬೇಕು. ಲೈಸೋಜೈಮಿನಂಥ ಅಣು ಹಾಗೆ ಒಂದು ಮಿಲಿಮೀಟರ್ ಸಾಗಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಈಗ ಪ್ರಶ್ನೆಗೆ ಒಂದು ಆಕಾರ ಬಂತು: ಆ ವಲಯ ನಿಜವಾಗಿ ಇದೆಯೇ?

ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕಟ್ಟಿದ ಹರಳುಗಟ್ಟಿಸುವ ಪೆಟ್ಟಿಗೆಯಲ್ಲಿ ಕ್ಯಾಮೆರಾ ಇತ್ತು, ಮುಂದೆ ಮಾಖ್-ಜೆಂಡರ್ ಇಂಟರ್‌ಫೆರೋಮೀಟರ್ ಕೂಡ ಸೇರಿತು. 1994ರ ಜುಲೈಯಲ್ಲಿ ಕೊಲಂಬಿಯಾದಲ್ಲಿ ಈ ಪೆಟ್ಟಿಗೆಯ ಕ್ಯಾಮೆರಾ ಹಿಡಿದದ್ದನ್ನು ಬ್ರಿಟನ್ನಿನ ಎಡ್ವರ್ಡ್ ಸ್ನೆಲ್, ಜಾನ್ ಹೆಲಿವೆಲ್ ಮತ್ತು ಸಂಗಡಿಗರು ನೌಕೆಯ ಕಂಪನದ ದಾಖಲೆಯೊಂದಿಗೆ ಹೊಂದಿಸಿ ನೋಡಿದರು. ದಿಕ್ಕು ತಿದ್ದುವ ಸಣ್ಣ ಜೆಟ್‌ಗಳು ಉರಿದಾಗ ಕೆಲವು ಹರಳುಗಳು 200 ಮೈಕ್ರೋಮೀಟರ್‌ವರೆಗೂ ಸರಿದಿದ್ದವು. ಗೋಡೆಗೆ ಅಂಟಿ ಕದಲದೆ ಬೆಳೆಯುತ್ತಿದ್ದ ಒಂದು ಹರಳಂತೂ ಒಮ್ಮೆ ನುಗ್ಗಿ ಬೆಳೆದು, ಒಮ್ಮೆ ತಡೆದು ನಿಂತಿತ್ತು. ಆ ಏರಿಳಿತ ತಾಳೆಯಾದದ್ದು ಗಗನಯಾತ್ರಿಗಳ ವ್ಯಾಯಾಮದ ವೇಳೆಗೆ! ಸ್ನಾಯು ಸೊರಗದಿರಲೆಂದು ಅವರು ಮಾಡುವ ಕಸರತ್ತು ಹರಳಿನವರೆಗೂ ತಲುಪುತ್ತಿತ್ತು. ಶುದ್ಧ ನಿಶ್ಚಲತೆ ಎಂದು ಮಾರಲಾಗುತ್ತಿದ್ದ ಜಾಗ ಅಷ್ಟು ನಿಶ್ಚಲವಾಗಿರಲಿಲ್ಲ. ಫಲಿತಾಂಶ ಒಮ್ಮೆ ಹೀಗೆ ಒಮ್ಮೆ ಹಾಗೆ ಬರುತ್ತಿದ್ದುದಕ್ಕೆ ಒಂದು ಕಾರಣ ಇಲ್ಲೇ ಸಿಕ್ಕಿತು.

1996ರ ಬೇಸಿಗೆಯ ಹಾರಾಟದಲ್ಲಿ ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಮ್ಯಾಕ್‌ಫರ್ಸನ್ ತಂಡ ಬೆಳೆಯುವ ಹರಳುಗಳ ಸುತ್ತ ಇಂಟರ್‌ಫೆರೋಮೀಟರಿನ ಪಟ್ಟೆಗಳು ಬಾಗುವುದನ್ನು ದಾಖಲಿಸಿತು. 1998ರಲ್ಲಿ, 77 ವರ್ಷದ ಜಾನ್ ಗ್ಲೆನ್ ಮತ್ತೆ ಅಂತರಿಕ್ಷಕ್ಕೆ ಹೋಗಿ ಸುದ್ದಿಯಾದ ಎಸ್‌ಟಿಎಸ್-95 ಯಾನದಲ್ಲಿ, ಸ್ಪೇನಿನ ಗ್ರನಾಡಾದ ಫರ್ಮಿನ್ ಒಟಾಲೊರಾ ಮತ್ತು ಹುವಾನ್ ಮನುಯೆಲ್ ಗಾರ್ಸಿಯಾ-ರುಯಿಸ್ ತಂಡ ಅದೇ ಅಳತೆಯನ್ನು ಲೈಸೋಜೈಮಿನ ಮೇಲೆ ಮಾಡಿತು. ಪತ್ರಿಕೆಗಳೆಲ್ಲ ಗ್ಲೆನ್ ಅವರ ವಯಸ್ಸನ್ನು ಬರೆದವು. ಪಟ್ಟೆಗಳ ಬಗ್ಗೆ ಬರೆಯುವಂಥದ್ದು ಏನೂ ಇರಲಿಲ್ಲ ಬಿಡಿ. ಆದರೆ ಉತ್ತರ ಅಲ್ಲಿತ್ತು. ಕೊರತೆಯ ವಲಯ ಇದೆ, ಗುರುತ್ವವಿಲ್ಲದಲ್ಲಿ ಅದು ನೆಲೆನಿಲ್ಲುತ್ತದೆ.

ಅದರಿಂದ ಲಾಭವೇನು ಎಂಬಲ್ಲಿ ವಿದ್ವಾಂಸರು ಬೇರೆಯಾದರು. ಆ ವಲಯ ಒಂದು ಜರಡಿ ಎಂದರು ಮ್ಯಾಕ್‌ಫರ್ಸನ್: ದೊಡ್ಡ ಕಶ್ಮಲಗಳು, ಅಣುಗಳ ಗಂಟುಗಳು ನಿಧಾನವಾಗಿ ಚಲಿಸುವುದರಿಂದ ಹಿಂದೆ ಉಳಿಯುತ್ತವೆ, ಹರಳು ಶುದ್ಧವಾಗಿ ಬೆಳೆಯುತ್ತದೆ. ಹಂಟ್ಸ್‌ವಿಲ್‌ನ ಪೀಟರ್ ವೆಕಿಲೋವ್ ಮತ್ತು ಫ್ರಾನ್ಸ್ ರೋಸೆನ್‌ಬರ್ಗರ್ ಹರಳಿನ ಮುಖವನ್ನೇ ಇಂಟರ್‌ಫೆರೋಮೀಟರಿನಲ್ಲಿ ಹಿಡಿದು, ಹೊರಗೆ ಎಲ್ಲ ಸ್ಥಿರವಾಗಿದ್ದಾಗಲೂ ಬೆಳವಣಿಗೆಯ ವೇಗ ತಾನಾಗಿಯೇ ಏರಿಳಿಯುತ್ತದೆ ಎಂದು ತೋರಿಸಿದರು. ಅಣು ಬಂದು ಸೇರುವ ವೇಗ, ಮೇಲ್ಮೈ ಅದನ್ನು ಕೂಡಿಸಿಕೊಳ್ಳುವ ವೇಗ, ಇವೆರಡರ ಸಮತೋಲ ಪ್ರತಿ ಪ್ರೋಟೀನಿಗೂ ಬೇರೆ. ಹಾಗಾಗಿ ಹರಿವು ನಿಂತರೆ ಒಂದರ ಹರಳು ಸುಧಾರಿಸಬಹುದು, ಇನ್ನೊಂದರದು ಕೆಡಬಹುದು. ಎರಡನೆಯ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆ. ಯಾರ ಪರವೂ ಅಲ್ಲದ ಆ ಹದಿನೈದು ವರ್ಷದ ಫಲಿತಾಂಶಗಳು ಅದರಲ್ಲಿ ಸಲೀಸಾಗಿ ಕೂರುತ್ತವೆ.

ಅಷ್ಟರಲ್ಲಿ ಕಾಲ ಮುಂದೆ ಹೋಗಿತ್ತು. ಸಿಂಕ್ರೊಟ್ರಾನ್ ಎಂಬ ಯಂತ್ರಗಳ ಪ್ರಖರ ಕ್ಷ-ಕಿರಣಕ್ಕೆ ದೊಡ್ಡ ಹರಳು ಬೇಕಾಗಿರಲಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದೂ ಸಾಕು. 1998ರಲ್ಲಿ ಅಮೆರಿಕದ ಕೋಶ ಜೀವವಿಜ್ಞಾನಿಗಳ ಸಂಘ ಬಾಹ್ಯಾಕಾಶದ ಹರಳು ಯೋಜನೆಯನ್ನು ಕೈಬಿಡಿ ಎಂದಿತು. 2000ದಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ, ರಚನಾತ್ಮಕ ಜೀವವಿಜ್ಞಾನದ ಮೇಲೆ ಈ ಪ್ರಯತ್ನದ ಪ್ರಭಾವ ಅತ್ಯಲ್ಪ ಎಂದು ತೀರ್ಪಿತ್ತಿತು. ಹಣದ ಲೆಕ್ಕದಲ್ಲಿ ತೀರ್ಪು ಸರಿಯೇ. ಒಟಾಲೊರಾ ತಂಡದ ವಿವರವಾದ ಪ್ರಬಂಧ ಅಚ್ಚಾದದ್ದು 2001ರಲ್ಲಿ. ಏಕೆ ಎಂಬ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಪ್ರಶ್ನೆ ಕೇಳಿದವರು ಎದ್ದುಹೋಗಿದ್ದರು.

ಉತ್ತರ ಮಾತ್ರ ವ್ಯರ್ಥವಾಗಲಿಲ್ಲ. ಹರಿವನ್ನು ತಡೆಯುವುದೇ ಗುರಿಯಾದರೆ ಅದಕ್ಕೆ ಅಂತರಿಕ್ಷವೇ ಬೇಕೆಂದಿಲ್ಲ. ಸೂಜಿಯಷ್ಟು ತೆಳುವಾದ ನಳಿಕೆಯಲ್ಲಿ, ಅಥವಾ ಅಗರ್‌ನಂಥ ಜೆಲ್ಲಿನೊಳಗೆ ದ್ರಾವಣ ಹರಿಯಲಾರದು, ವಿಸರಣೆ ಮಾತ್ರ ಉಳಿಯುತ್ತದೆ. ಗಾರ್ಸಿಯಾ-ರುಯಿಸ್ ಈ ವಿಧಾನವನ್ನು ಬೆಳೆಸಿ, ಯಾವ ಪ್ರಯೋಗಾಲಯವೂ ಮೇಜಿನ ಮೇಲಿಟ್ಟುಕೊಳ್ಳಬಹುದಾದ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದರು. 280 ನ್ಯಾನೋಮೀಟರಿನ ಹಳೆಯ ಬೆಳಕೂ ಹೊಸ ರೂಪದಲ್ಲಿ ಮರಳಿತು: ಸಾವಿರಾರು ಹನಿಗಳನ್ನು ತಾವೇ ಪರೀಕ್ಷಿಸುವ ಯಂತ್ರಗಳು ನೇರಳಾತೀತ ಬೆಳಕು ಹಾಯಿಸಿ, ಹೊಳೆಯುವ ಹರಳು ಪ್ರೋಟೀನ್, ಹೊಳೆಯದ್ದು ಬರೀ ಉಪ್ಪು ಎಂದು ಬೇರ್ಪಡಿಸುತ್ತವೆ.

ಬಾಹ್ಯಾಕಾಶದ ಕತೆಯೂ ಪೂರ್ತಿ ಮುಗಿಯಲಿಲ್ಲ. 2017ರಲ್ಲಿ ಮರ್ಕ್ ಕಂಪನಿ ಪೆಂಬ್ರೊಲಿಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧವನ್ನು ಅಂತರಿಕ್ಷ ನಿಲ್ದಾಣಕ್ಕೆ ಕಳಿಸಿತು. ಈ ಸಲ ಬೇಕಿದ್ದದ್ದು ಒಂದು ದೊಡ್ಡ ಹರಳಲ್ಲ, ಚುಚ್ಚುಮದ್ದಾಗಿ ಕೊಡಬಹುದಾದ ಒಂದೇ ಗಾತ್ರದ ಲಕ್ಷಾಂತರ ಸಣ್ಣ ಹರಳುಗಳು. 2019ರಲ್ಲಿ ಪ್ರಕಟವಾದ ವರದಿಯಂತೆ ಅಲ್ಲಿ ಬೆಳೆದವು ಸುಮಾರು 39 ಮೈಕ್ರೋಮೀಟರಿನ ಒಂದೇ ಗುಂಪಾಗಿದ್ದವು. ನೆಲದಲ್ಲಿ ಬೆಳೆದವು 13 ಮತ್ತು 102 ಮೈಕ್ರೋಮೀಟರಿನ ಎರಡು ಗುಂಪಾಗಿ ಒಡೆದಿದ್ದವು. ವಿಜ್ಞಾನಿಗಳು ಆ ಪಾಠ ಹಿಡಿದು ನೆಲದ ಪ್ರಯೋಗಾಲಯಕ್ಕೆ ಮರಳಿ, ಹರಳುಗಳು ತಳಕ್ಕಿಳಿಯದಂತೆ ಪಾತ್ರೆಯನ್ನು ಮೆಲ್ಲನೆ ತಿರುಗಿಸುತ್ತಲೇ ಇರುವ ಯಂತ್ರದಲ್ಲಿ ಅದನ್ನು ಹರಳುಗಟ್ಟಿಸತೊಡಗಿದರು.